ಒಂಟಿ ಸೆಲ್ಲಿನ ಟಾರ್ಚು

ಬೆಳಗಿನ ಹನ್ನೊಂದು ಗಂಟೆಗೆ, ತೀರ್ಥಹಳ್ಳಿಯ ಪೇಟೆಯ ನಟ್ಟನಡುವೆ, ಬಿಳಿ ಸೀರೆಯುಟ್ಟ ಐವತ್ತಮೂರು ವರ್ಷದ ಹೆಂಗಸೊಬ್ಬಳು ಅಂಗಡಿಯ ಮುಂದೆ ನಿಂತು ಟಾರ್ಚನ್ನು ಬಾಯಲ್ಲಿ ಕಚ್ಚಿಕೊಂಡರೆ ಜನ ನೋಡದೆ ಇರುತ್ತಾರೆಯೇ? ಬಸ್ಸಿಗೆ ಕಾಯುತ್ತಿದ್ದವರು ನೋಡಿದರು. ಎದುರು ಹೋಟೆಲಿನವನು ಕಾಫಿ ಸೋಸುವುದು ಬಿಟ್ಟು ನೋಡಿದ. ಅಂಗಡಿಯ ಗಿರಿಯಪ್ಪನಂತೂ ಗಾಬರಿಯಾಗಿ ಎದ್ದೇ ನಿಂತ.

"ಅಮ್ಮಾ, ಅದು ಬಾಯಿಗೆ ಹಾಕೋದಲ್ಲ, ಕೈಯಲ್ಲಿ ಹಿಡಿಯೋದು."

ವಿಶಾಲಮ್ಮ ಟಾರ್ಚನ್ನು ಬಾಯಿಂದ ತೆಗೆದು ಸೆರಗಿನಲ್ಲಿ ಒರೆಸಿದಳು. "ಕೈ ಎರಡೂ ಬೇರೆ ಕೆಲಸದಲ್ಲಿ ಇರ್ತಾವೆ ಮಾರಾಯ. ಮೂರನೇದು ದೇವರು ಕೊಟ್ಟಿಲ್ಲ. ಇದು ಭಾರ ಆಯ್ತು, ಹಲ್ಲು ನೋಯ್ತದೆ. ಇನ್ನೂ ಸಣ್ಣದು ತೋರ್ಸು."

ಎಪ್ಪತ್ತೆಂಟನೆಯ ಇಸವಿಯ ಬೇಸಗೆಯ ಆರಂಭ ಅದು. ಹೊಸನಗರ ತಾಲ್ಲೂಕಿನ ಮುತ್ತಲಗದ್ದೆಯಲ್ಲಿ ವಿಶಾಲಮ್ಮ ಸರ್ಕಾರದ ನರ್ಸು. ಸುತ್ತಲಿನ ಆರು ಊರುಗಳಿಗೆ ಹೆರಿಗೆ ಮಾಡಿಸುವವಳು ಅವಳೊಬ್ಬಳೇ. ಇಪ್ಪತ್ತಾರು ವರ್ಷಗಳಿಂದ ಅದೇ ಕೆಲಸ, ಅದೇ ಅಲ್ಯೂಮಿನಿಯಂ ಪೆಟ್ಟಿಗೆ. ಕತ್ತರಿ, ಇಕ್ಕಳ, ದಾರ, ರಕ್ತ ಹೀರುವ ಗಾಜ್ ಬಟ್ಟೆ, ಸೋಪು, ಕೈ ಉಜ್ಜುವ ಬ್ರಷ್ಷು, ಸೂಜಿ, ಮುಲಾಮು. ಆ ಪೆಟ್ಟಿಗೆಯಲ್ಲಿ ಇದ್ದದ್ದು ಹೆಂಗಸನ್ನು ಉಳಿಸುತ್ತಿತ್ತು, ಇಲ್ಲದ್ದು ಕೊಲ್ಲುತ್ತಿತ್ತು. ಎರಡು ವರ್ಷಗಳಿಂದ ಅವಳ ಲೆಕ್ಕದಲ್ಲಿ ಇಲ್ಲದ್ದು ಬೆಳಕು.

ಟಾರ್ಚು ಎಂದರೆ ಯಾವುದೋ ಒಂದು ಟಾರ್ಚು ಆಗುತ್ತಿರಲಿಲ್ಲ. ಪೆಟ್ಟಿಗೆಯಲ್ಲಿ ಉಳಿದಿದ್ದ ಜಾಗ ಒಂದು ಬೆರಳಿನಷ್ಟು. ಹಲ್ಲಿನಲ್ಲಿ ಕಚ್ಚಿ ಹಿಡಿಯಬೇಕು, ಅಂದರೆ ಹಗುರ ಇರಬೇಕು, ದುಂಡಗಿರಬೇಕು. ಗುಂಡಿ ಒತ್ತಿ ಹಿಡಿದರೆ ಮಾತ್ರ ಉರಿಯುವಂಥದ್ದು ಬೇಡ, ಒಮ್ಮೆ ಮುಂದಕ್ಕೆ ನೂಕಿದರೆ ಉರಿಯುತ್ತಲೇ ಇರಬೇಕು. ಎರಡು ಸೆಲ್ಲಾದರೆ ಉದ್ದವಾಗುತ್ತದೆ, ಒಂದೇ ಸಾಕು. ತಂಗಿಯ ಮನೆಗೆಂದು ಸಾಗರಕ್ಕೆ ಹೋದಾಗ ಅಲ್ಲಿನ ನಾಲ್ಕು ಅಂಗಡಿ ಸುತ್ತಿದ್ದಳು. ಎಲ್ಲ ಕಡೆ ಮೂರು ಸೆಲ್ಲಿನ ಒನಕೆಗಳು, ತೋಟಕ್ಕೆ ಬರುವ ಹಂದಿಯ ಮುಖಕ್ಕೆ ಬಿಡಲು ಮಾಡಿದವು. ಹೊಸನಗರದಲ್ಲಿ ಸಿಕ್ಕಿದ್ದು ಬೀಗದ ಕೈಗೆ ಸಿಕ್ಕಿಸುವ ಆಟಿಕೆ. ಅದಕ್ಕೇ ಎರಡು ಬಸ್ಸು ಬದಲಾಯಿಸಿ, ಸೊಂಟ ಹಿಡಿದುಕೊಂಡು, ತೀರ್ಥಹಳ್ಳಿಗೆ ಬಂದಿದ್ದಳು.

ಗಿರಿಯಪ್ಪ ಮೇಲಿನ ಹಲಗೆಯಿಂದ ಧೂಳು ಹಿಡಿದ ರಟ್ಟಿನ ಡಬ್ಬಿ ಇಳಿಸಿದ. ಒಳಗೆ ಬೆರಳುದ್ದದ ಹಿತ್ತಾಳೆ ಟಾರ್ಚುಗಳು, ಪೆನ್ಸಿಲ್ ಸೆಲ್ಲು ಒಂದೇ ಒಂದು ಹಿಡಿಸುವಂಥವು.

"ಇದನ್ನ ಯಾರೂ ಕೇಳೋದಿಲ್ಲ ಅಮ್ಮಾ. ಬೆಳಕು ಒಂದು ಮಾರು ದೂರ ಹೋಗೋದಿಲ್ಲ."

"ನಂಗೆ ಒಂದು ಗೇಣು ಹೋದ್ರೆ ಸಾಕು."

ಬಲಗಡೆಯ ದವಡೆ ಹಲ್ಲಿನಲ್ಲಿ ಕಚ್ಚಿದಳು. ಮುಂದಿನ ಹಲ್ಲೆರಡು ಅಲ್ಲಾಡುತ್ತಿದ್ದವು, ಅವುಗಳನ್ನು ನಂಬುವ ಹಾಗಿರಲಿಲ್ಲ. ತಲೆ ಬಗ್ಗಿಸಿದಳು, ಎತ್ತಿದಳು, ಪಕ್ಕಕ್ಕೆ ತಿರುಗಿಸಿದಳು. ಎರಡೂ ಕೈಗಳನ್ನು ಮುಂದೆ ಚಾಚಿ, ಗಾಳಿಯಲ್ಲೇ ದಾರಕ್ಕೆ ಗಂಟು ಹಾಕಿದಳು. ಬೆಳಕು ಗಂಟಿನ ಮೇಲೇ ಬಿತ್ತು. ಹಿತ್ತಾಳೆಯ ರುಚಿ ಕಹಿಯಾಗಿತ್ತು, ಆದರೆ ಹಿಡಿಯ ಕಡೆಗೆ ಸೈಕಲ್ ಟ್ಯೂಬಿನ ರಬ್ಬರು ಸುತ್ತಿದರೆ ಸರಿಹೋಗುತ್ತದೆ. ಅವಳಿಗೆ ಅಳು ಬಂದ ಹಾಗಾಯಿತು. ಇಷ್ಟು ಸಣ್ಣ ವಸ್ತುವಿಗೆ ಎರಡು ವರ್ಷ ಬೇಕಾಯಿತೇ?

ಪಕ್ಕದಲ್ಲಿ ಒಬ್ಬ ರೈತ ಎರಡು ಸೆಲ್ಲಿನ ಟಾರ್ಚು ಕೊಂಡು, ಬೆಳಗಿಸಿ ನೋಡಿ, ಚೀಲಕ್ಕೆ ಹಾಕುವ ಮೊದಲು ಮುಚ್ಚಳ ಬಿಚ್ಚಿ ಒಂದು ಸೆಲ್ಲನ್ನು ತಲೆಕೆಳಗು ಮಾಡಿ ಇಟ್ಟ. ಅದರಲ್ಲಿ ಹೊಸದೇನಿಲ್ಲ. ಈ ಕಡೆ ಟಾರ್ಚನ್ನು ಎತ್ತಿಡುವಾಗ ಹಾಗೆ ಮಾಡದ ಮನೆಯೇ ಇಲ್ಲ. ಚೀಲದೊಳಗೆ ಗುಂಡಿ ತಾನಾಗಿ ಜರುಗಿದರೂ ಉರಿಯುವುದಿಲ್ಲ, ಸೆಲ್ಲು ಸವೆಯುವುದಿಲ್ಲ. ವಿಶಾಲಮ್ಮ ಅದನ್ನು ನೋಡಿಯೂ ನೋಡಲಿಲ್ಲ. ಇನ್ನೊಂದು ಸೆಲ್ಲು ಜೊತೆಗಿರಲಿ ಎಂದು ಕೇಳಿದಳು, ಆ ಅಳತೆಯದು ಅಂಗಡಿಯಲ್ಲಿ ಒಂದೇ ಇತ್ತು. ಮುಂದಿನ ಸಂತೆಗೆ ಹೊಸನಗರದಲ್ಲಿ ಕೊಂಡರಾಯಿತು ಎಂದುಕೊಂಡು ಬಸ್ಸು ಹತ್ತಿದಳು.

ಬಸ್ಸಿನಲ್ಲಿ ನಿದ್ದೆ ಹತ್ತಲಿಲ್ಲ. ನಿದ್ದೆಯೆಂದರೆ ಅವಳಿಗೆ ಈಗ ಭಯ.

ಎರಡು ವರ್ಷದ ಹಿಂದೆ ಸರೋಜ ಎಂಬ ಹುಡುಗಿ ಚೊಚ್ಚಲ ಹೆರಿಗೆಯಲ್ಲಿ ಸತ್ತಿದ್ದಳು. ಹಿಂದಿನ ಎರಡು ದಿನಗಳಲ್ಲಿ ವಿಶಾಲಮ್ಮ ಎರಡು ಹೆರಿಗೆ ಮಾಡಿಸಿದ್ದಳು, ಕಣ್ಣಿಗೆ ಕಣ್ಣು ಹಚ್ಚಿರಲಿಲ್ಲ. ಸರೋಜಳ ಮಗು ಹುಟ್ಟಿತು, ಮಾಸು ಬಿತ್ತು, ಎಲ್ಲ ಸರಿಯಾಯಿತೆಂದು ಗೋಡೆಗೆ ಒರಗಿದವಳು ಹಾಗೇ ಜೋಂಪಿಗೆ ಜಾರಿದಳು. ಕಾಲು ಗಂಟೆ ಇರಬಹುದು. ಲಾಟೀನು ಹಿಡಿದು ಕೂತಿದ್ದ ಆಯಾ ವೆಂಕಮ್ಮನೇ, "ಅಮ್ಮಾ, ಏಳಿ, ಬಟ್ಟೆ ಎಲ್ಲ ಒದ್ದೆ," ಎಂದು ಅವಳನ್ನು ಅಲ್ಲಾಡಿಸಿ ಎಬ್ಬಿಸಿದ್ದು. ಅಷ್ಟರಲ್ಲಿ ಕೈ ಮೀರಿತ್ತು.

ಮೇಲಿನವರು ವರದಿ ಕೇಳಿದರು. ವಿಶಾಲಮ್ಮ ಬರೆದಳು: "ದೀಪ ಹಿಡಿದ ಆಯಾಳ ಕೈ ನಡುಗಿ ಬೆಳಕು ಸಾಲದೆ ರಕ್ತಸ್ರಾವ ಗೊತ್ತಾಗಲಿಲ್ಲ." ಒಂದೇ ಸಾಲು. ಓದು ಬರದ ವೆಂಕಮ್ಮ ಅದರ ಕೆಳಗೆ ಹೆಬ್ಬೆಟ್ಟು ಒತ್ತಿದಳು. ಆಮೇಲೆ ಅವಳಿಗೊಂದು ಎಚ್ಚರಿಕೆಯ ಕಾಗದ ಬಂತು, ಅದನ್ನೂ ವಿಶಾಲಮ್ಮನೇ ಓದಿ ಹೇಳಬೇಕಾಯಿತು. ಕಾಗದ ಹೋಗಲಿ, ಊರಿನ ಬಾಯಿ ಕಟ್ಟುವವರು ಯಾರು? ಆಫೀಸಿನ ಮಾತು ಆರು ಊರಿಗೂ ಹಬ್ಬಿತು. ವೆಂಕಮ್ಮನ ಕೈಯ ದೀಪ ಬಾಣಂತಿಗೆ ಆಗಿಬರುವುದಿಲ್ಲ ಎಂದು ಹೆಂಗಸರು ತೀರ್ಮಾನಿಸಿದರು. ನಲವತ್ತು ವರ್ಷ ಆ ಸೀಮೆಯ ಮಕ್ಕಳನ್ನೆಲ್ಲ ಕೈಯಲ್ಲಿ ಎತ್ತಿಕೊಂಡವಳು ಈಗ ಪೆಟ್ಟಿಗೆ ಹೊತ್ತು ಬಂದು, ಜಗಲಿಯಲ್ಲಿ ಕೂತು, ಒಳಗಿನ ಮಗುವಿನ ಅಳು ಕೇಳಿದ ಮೇಲೆ ಎದ್ದು ಹೋಗುತ್ತಿದ್ದಳು. ಸತ್ತ ಸರೋಜಳನ್ನು ಅವಳ ತಾಯಿಯ ಹೊಟ್ಟೆಯಿಂದ ಬರಮಾಡಿಕೊಂಡವಳೂ ವೆಂಕಮ್ಮನೇ.

ಈ ವಿಷಯ ಇಬ್ಬರೂ ಒಮ್ಮೆಯೂ ಆಡಿರಲಿಲ್ಲ. ವಿಶಾಲಮ್ಮನಿಗೆ ನಾಚಿಕೆಯಾಗುತ್ತಿತ್ತು, ನಾಚಿಕೆಯ ಜೊತೆಗೆ ಭಯ. ಪೆನ್ಷನ್ನಿಗೆ ಎರಡೇ ವರ್ಷ ಉಳಿದಿತ್ತು. ಟಾರ್ಚು ಒಂದಿದ್ದರೆ ಲಾಟೀನು ಹಿಡಿಯುವವರ ಮಾತೇ ಬರುವುದಿಲ್ಲ, ವೆಂಕಮ್ಮನನ್ನು ಯಾಕೆ ಒಳಗೆ ಕರೆಯಲಿಲ್ಲ ಎಂದು ತನಗೆ ತಾನು ಹೇಳಿಕೊಳ್ಳಬೇಕಾಗಿಯೂ ಇಲ್ಲ. ಅವಳು ಮೂರು ಪೇಟೆ ಅಲೆದದ್ದು ಬರೇ ಬೆಳಕಿಗಾಗಿ ಅಲ್ಲ.

ಸಂಜೆ ವೆಂಕಮ್ಮ ಟಾರ್ಚನ್ನು ಅಂಗೈಯಲ್ಲಿಟ್ಟು ತಿರುಗಿಸಿ ನೋಡಿದಳು. ಅರವತ್ತು ದಾಟಿದ, ಒಣಗಿದ ಹೆಂಗಸು.

"ಚೆಂದ ಇದೆ ಅಮ್ಮಾ. ಇನ್ನು ಲಾಟೀನು ಹಿಡಿಯೋರು ಬೇಡ ಅಲ್ದಾ?"

"ಹಾಗಲ್ಲ ವೆಂಕಮ್ಮ. ನಂಗೆ ಕಣ್ಣು ಸರಿಯಾಗಿ ಕಾಣೋದಿಲ್ಲ, ಅದ್ಕೆ."

"ಹೌದು, ನಿಮ್ಗೂ ವಯಸ್ಸಾಯ್ತು," ಎಂದು ವೆಂಕಮ್ಮ ಟಾರ್ಚಿನ ಹಿಡಿಗೆ ರಬ್ಬರು ಸುತ್ತಲು ಕೂತಳು. ಬಿಗಿಯಾಗಿ, ಒಂದರ ಮೇಲೊಂದು, ನಾಲ್ಕು ಸುತ್ತು. ಅವಳು ಸುತ್ತುವುದನ್ನು ನೋಡುತ್ತ ಕೂರಲಾರದೆ ವಿಶಾಲಮ್ಮ ಎದ್ದು ಒಳಗೆ ಹೋದಳು.

ಹತ್ತು ದಿನ ಕಳೆಯಿತು. ಸಂತೆಗೆ ಹೋಗಿ ಇನ್ನೊಂದು ಸೆಲ್ಲು ತರಲು ಬಿಡುವಾಗಿರಲಿಲ್ಲ. ಆ ಸೋಮವಾರ ಮಧ್ಯಾಹ್ನ ವಿಶಾಲಮ್ಮ ಎರಡು ಊರುಗಳಲ್ಲಿ ಮಕ್ಕಳಿಗೆ ಚುಚ್ಚುಮದ್ದು ಹಾಕಿ, ಬಿಸಿಲಲ್ಲಿ ನಡೆದು ಬಂದು, ಊಟಕ್ಕೆ ಕೂತಿದ್ದಳು. ಎರಡು ತುತ್ತು ತಿಂದಿರಬಹುದು, ಸಂಪಿಗೆಹಕ್ಕಲಿನ ಮಾಸ್ತಪ್ಪ ಏದುಸಿರು ಬಿಡುತ್ತ ಬಂದ. ಅವನ ಹೆಂಡತಿ ಮಹಾಲಕ್ಷ್ಮಿಗೆ ಬೆಳಗಿನಿಂದ ನೋವು. ವಿಶಾಲಮ್ಮ ಕೈ ತೊಳೆದಳು. ಪ್ರತಿ ಸಲವೂ ಹೊರಡುವ ಮೊದಲು ಪೆಟ್ಟಿಗೆ ಬಿಚ್ಚಿ ಒಂದೊಂದನ್ನೂ ಮುಟ್ಟಿ ನೋಡುವುದು ಅವಳ ಪದ್ಧತಿ. ಅಂದು ಕಾಲು ಸೋತಿತ್ತು.

"ನಾನು ನೋಡಿಟ್ಟಿದೀನಿ ಅಮ್ಮಾ. ಎಲ್ಲ ಇದೆ. ಟಾರ್ಚೂ ಇದೆ," ಎಂದಳು ವೆಂಕಮ್ಮ.

ಮೂರು ಮೈಲಿ ನಡೆದರು. ಒಣಗಿದ ಎಲೆಗಳು ಕಾಲಡಿಯಲ್ಲಿ ಮುರಿಯುತ್ತಿದ್ದವು. ವೆಂಕಮ್ಮ ತಲೆಯ ಮೇಲೆ ಪೆಟ್ಟಿಗೆ ಹೊತ್ತು ಮುಂದೆ ನಡೆದಳು.

ಮಾಸ್ತಪ್ಪನ ಮನೆಯಲ್ಲಿ ಬಾಣಂತಿ ಕೋಣೆ ಎಲ್ಲಕ್ಕಿಂತ ಒಳಗೆ. ಹೊರಗೆ ಕಣ್ಣು ಕೋರೈಸುವ ಬಿಸಿಲು, ಒಳಗೆ ಕಾಡಿಗೆಯಂಥ ಕತ್ತಲು. ಇದ್ದ ಒಂದು ಕಿಂಡಿಗೂ ಗಾಳಿ ಸೋಕೀತೆಂದು ಹಳೆಯ ಸೀರೆ ತುರುಕಿದ್ದರು. ಮಾಸ್ತಪ್ಪನ ತಾಯಿ ವರದಮ್ಮ ಮುಕ್ಕಾಲಿಯ ಮೇಲೆ ಲಾಟೀನು ಇಟ್ಟು, ಬಾಗಿಲಲ್ಲೇ ವೆಂಕಮ್ಮನ ಕೈಯಿಂದ ಪೆಟ್ಟಿಗೆ ಇಸಿದುಕೊಂಡಳು.

"ನೀನು ಜಗಲಿಯಲ್ಲಿ ಕೂರು ಮಾರಾಯ್ತಿ. ಕಾಫಿ ಕಳಿಸ್ತೀನಿ."

ಅವಮಾನ ಮಾಡುವ ಧಾಟಿಯಲ್ಲಿ ಹೇಳಲಿಲ್ಲ, ದಿನಾ ಹೇಳುವ ಮಾತಿನಂತೆ ಹೇಳಿದಳು. ವೆಂಕಮ್ಮನೂ ದಿನಾ ಕೇಳುವ ಮಾತಿನಂತೆ ಕೇಳಿ ಜಗಲಿಗೆ ಹೋದಳು. ವಿಶಾಲಮ್ಮ ಸುಮ್ಮನಿದ್ದಳು. ಎರಡು ವರ್ಷಗಳಿಂದ ಅವಳು ಸುಮ್ಮನಿದ್ದ ಹದಿನೇಳನೆಯ ಮನೆ ಇದು, ಅವಳಿಗೆ ಎಣಿಕೆ ತಪ್ಪಿರಲಿಲ್ಲ.

ನಾಲ್ಕು ಗಂಟೆಯ ಹೊತ್ತಿಗೆ ಹೆಣ್ಣು ಮಗು ಹುಟ್ಟಿತು. ವರದಮ್ಮ ಅದನ್ನು ಬಟ್ಟೆಯಲ್ಲಿ ಸುತ್ತಿ ಎದೆಗೆ ಒತ್ತಿಕೊಂಡಳು. ಮಾಸೂ ಬಿತ್ತು. ವಿಶಾಲಮ್ಮ ಗೋಡೆಗೆ ಒರಗಲಿಲ್ಲ, ಸರೋಜ ಸತ್ತ ಮೇಲೆ ಅವಳು ಯಾವ ಗೋಡೆಗೂ ಒರಗಿಲ್ಲ. ಹೊಟ್ಟೆಯ ಮೇಲೆ ಕೈಯಿಟ್ಟು ನೋಡಿದಳು. ಗರ್ಭಕೋಶ ತೆಂಗಿನಕಾಯಿಯ ಹಾಗೆ ಗಟ್ಟಿಯಾಗಿತ್ತು. ಆದರೂ ಕೆಳಗಿನ ಬಟ್ಟೆ ಒದ್ದೆಯಾಗುತ್ತಲೇ ಇತ್ತು. ಅಂದರೆ ಒಳಗೆ ಎಲ್ಲೋ ಹರಿದಿದೆ. ಎಲ್ಲಿ ಎಂದು ಕಂಡರೆ ಇಕ್ಕಳ ಹಾಕಿ ನಿಲ್ಲಿಸಬಹುದು. ಮುಕ್ಕಾಲಿಯ ಮೇಲಿನ ಲಾಟೀನಿಂದ ಅಲ್ಲಿಗೆ ಬೀಳುತ್ತಿದ್ದದ್ದು ಅವಳದೇ ನೆರಳು.

ಪೆಟ್ಟಿಗೆಗೆ ಕೈ ಹಾಕಿದಳು. ಟಾರ್ಚು ಸಿಕ್ಕಿತು. ಗುಂಡಿ ನೂಕಲು ಹೋದರೆ ಅದು ಆಗಲೇ ಮುಂದಕ್ಕಿತ್ತು. ಗಾಜಿನೊಳಗೆ ದಾರದಂಥ ಒಂದು ಕೆಂಪು ಗೆರೆ ಕಂಡಿತು, ನೋಡುತ್ತಿದ್ದ ಹಾಗೆಯೇ ಅದೂ ಆರಿತು. ಎಷ್ಟು ಹೊತ್ತಿನಿಂದ ಪೆಟ್ಟಿಗೆಯೊಳಗೆ ಒಂದೇ ಸಮನೆ ಉರಿದಿತ್ತೋ!

"ವೆಂಕಮ್ಮಾ!" ಎಂದು ಕೂಗಿದಳು. "ಬಾ, ಲಾಟೀನು ಹಿಡಿ!"

ವೆಂಕಮ್ಮ ಓಡಿ ಬಂದಳು. ಬಾಗಿಲಲ್ಲಿ ವರದಮ್ಮ ಮಗುವನ್ನು ಎತ್ತಿಕೊಂಡೇ ಅಡ್ಡ ನಿಂತಳು.

"ಬೇಡ. ಬೇರೆ ಯಾರನ್ನಾದ್ರೂ ಕರೆಸ್ತೀನಿ. ಪಕ್ಕದ ಮನೆಯಿಂದ ಕರೆಸ್ತೀನಿ. ಸರೋಜನ್ನ ತಿಂದ ಕೈ ಅದು, ನನ್ನ ಸೊಸೆ ಹತ್ರ ಬೇಡ!"

ಪಕ್ಕದ ಮನೆ ಎಂದರೆ ಗದ್ದೆಯ ಆಚೆ. ಹೋಗಿ ಬರಲು ಕಾಲು ಗಂಟೆ. ಕಾಲು ಗಂಟೆ ಎಂದರೆ ಏನೆಂದು ಆ ಮನೆಯಲ್ಲಿ ವಿಶಾಲಮ್ಮನಿಗಿಂತ ಚೆನ್ನಾಗಿ ತಿಳಿದವರು ಯಾರೂ ಇರಲಿಲ್ಲ. ವೆಂಕಮ್ಮ ಹೊಸಿಲಿನ ಆಚೆಯೇ ನಿಂತಿದ್ದಳು. ಒಂದು ಮಾತೂ ಆಡಲಿಲ್ಲ. ಆಡಿದ್ದರೆ ವಿಶಾಲಮ್ಮನಿಗೆ ಸುಲಭವಾಗುತ್ತಿತ್ತು.

"ವರದಮ್ಮಾ, ದಾರಿ ಬಿಡಿ," ಎಂದಳು. ಸ್ವರ ತಾನಾಗಿ ಏರಿತು, ಜಗಲಿಯಲ್ಲಿದ್ದ ಗಂಡಸರಿಗೂ ಕೇಳುವಷ್ಟು. "ಅವಳ ಕೈ ನಡುಗಿರ್ಲಿಲ್ಲ. ನಾನು ಸುಳ್ಳು ಬರ್ದೆ. ಅವತ್ತು ನಾನು ನಿದ್ದೆ ಮಾಡಿದ್ದೆ. ಸರೋಜ ಹೋಗಿದ್ದು ನನ್ನ ನಿದ್ದೆಯಿಂದ. ಇವಳು ಎಬ್ಬಿಸ್ದೇ ಇದ್ದಿದ್ರೆ ಇನ್ನೂ ಮಲಗೇ ಇರ್ತಿದ್ದೆ. ಈಗ ಬಿಡ್ತೀರೋ, ಇಲ್ಲ ಸೊಸೆಯನ್ನೂ ಕಳ್ಕೋತೀರೋ?"

ವರದಮ್ಮ ಸರಿದಳೋ, ವೆಂಕಮ್ಮನೇ ಸರಿಸಿದಳೋ, ಅಂತೂ ಲಾಟೀನು ಮುಕ್ಕಾಲಿಯಿಂದ ಇಳಿಯಿತು.

ವೆಂಕಮ್ಮ ಮಂಡಿಯೂರಿ ಕೂತು, ಬಲಗೈಯಲ್ಲಿ ಲಾಟೀನಿನ ತಳ ಹಿಡಿದು, ಎಡ ಮೊಣಕೈಯನ್ನು ಅದರ ನೆತ್ತಿಗೆ ಆನಿಸಿ, ಎಷ್ಟು ಬೇಕೋ ಅಷ್ಟು ಓರೆ ಮಾಡಿದಳು. ನೆರಳು ಹಿಂದಕ್ಕೆ ಸರಿಯಿತು. "ಇನ್ನೂ ಕೆಳಗೆ," ಎಂದರೆ ಕೆಳಗೆ ಬಂತು. "ಅಲ್ಲೇ," ಎಂದರೆ ಅಲ್ಲೇ ನಿಂತಿತು. ಹರಿದ ಜಾಗ ಕಂಡಿತು. ವಿಶಾಲಮ್ಮ ಇಕ್ಕಳ ಹಾಕಿದಳು, ಜಾರಿತು, ಮತ್ತೆ ಹಾಕಿದಳು, ಗಾಜ್ ಬಟ್ಟೆ ತುರುಕಿ ಒತ್ತಿ ಹಿಡಿದಳು. ಇಪ್ಪತ್ತು ನಿಮಿಷ ಒತ್ತಿಯೇ ಹಿಡಿದಳು. ಅಷ್ಟು ಹೊತ್ತೂ ಬೆಳಕು ಕೂದಲೆಳೆಯಷ್ಟೂ ಅಲುಗಲಿಲ್ಲ. ರಕ್ತ ನಿಂತಿತು.

ಮಾಸ್ತಪ್ಪ ಎಲ್ಲಿಂದಲೋ ಜೀಪು ತಂದ. ಹೊಸನಗರದ ಆಸ್ಪತ್ರೆಯಲ್ಲಿ ಡಾಕ್ಟರು ಹೊಲಿಗೆ ಹಾಕಿದರು, ಜೀವಕ್ಕೆ ಅಪಾಯವಿಲ್ಲ ಎಂದರು. ಹೊರಗಿನ ಬೆಂಚಿನ ಮೇಲೆ ಇಬ್ಬರು ಹೆಂಗಸರೂ ಅಕ್ಕಪಕ್ಕ ಕುಸಿದು ಕೂತರು. ಆಗ ವಿಶಾಲಮ್ಮನ ಕಣ್ಣಿಗೆ ಬಿತ್ತು. ವೆಂಕಮ್ಮನ ಎಡ ಮೊಣಕೈಯ ಕೆಳಗೆ ಚರ್ಮ ಕೆಂಪಗೆ ಸುಲಿದು, ಬೊಬ್ಬೆ ಎದ್ದಿತ್ತು. ಲಾಟೀನಿನ ನೆತ್ತಿ ಕಾಯುತ್ತದೆ ಎಂದು ಯಾರಿಗೆ ತಾನೇ ಗೊತ್ತಿಲ್ಲ!

"ಹೇಳ್ಬಾರ್ದಿತ್ತಾ?"

"ಹೇಳಿದ್ರೆ ಕೈ ತೆಗಿ ಅಂತಿದ್ರಿ."

ವಿಶಾಲಮ್ಮ ಪೆಟ್ಟಿಗೆ ತೆರೆದು ಮುಲಾಮು ತೆಗೆದಳು. ಜೊತೆಗೆ ಟಾರ್ಚನ್ನೂ ತೆಗೆದು ಮುಚ್ಚಳ ಬಿಚ್ಚಿದಳು. ಸೆಲ್ಲು ತಲೆಕೆಳಗಾಗಿ ಕೂತಿತ್ತು.

"ನಾನೇ ತಿರುಗಿಸಿಟ್ಟಿದ್ದು," ಎಂದಳು ವೆಂಕಮ್ಮ. "ಶನಿವಾರ. ಪೆಟ್ಟಿಗೆಯಲ್ಲಿ ಗುಂಡಿ ಜರುಗಿದ್ರೂ ಸೆಲ್ಲು ಸವೀಬಾರ್ದು ಅಂತ. ನಮ್ಮ ಮನೇಲಿ ಹಾಗೇ ಇಡೋದು. ಇದು ಹೇಗೆ ಉರೀತು ಅಮ್ಮಾ?"

ವಿಶಾಲಮ್ಮನಿಗೂ ಒಂದು ಕ್ಷಣ ಬೇಕಾಯಿತು. ಎರಡು ಸೆಲ್ಲಿದ್ದರೆ ತಿರುಗಿಸಿದ್ದು ಇನ್ನೊಂದನ್ನು ತಡೆದು ನಿಲ್ಲಿಸುತ್ತದೆ. ಒಂದೇ ಇದ್ದರೆ ಅದನ್ನು ತಡೆಯಲು ಯಾರಿದ್ದಾರೆ? ನೆಟ್ಟಗೆ ಇಟ್ಟರೂ ಉರಿಯುತ್ತದೆ, ತಿರುಗಿಸಿ ಇಟ್ಟರೂ ಉರಿಯುತ್ತದೆ, ತೀರುವವರೆಗೂ ಉರಿಯುತ್ತದೆ. ಹಾಗೆಂದು ಹೇಳಿದಳು. ವೆಂಕಮ್ಮನ ಮುಖ ಸಣ್ಣದಾಯಿತು.

"ಹಾಗಾದ್ರೆ ಇವತ್ತಿನದು ನನ್ನ ತಪ್ಪೇ."

"ಸವೀಬಾರ್ದು ಅಂತ ಮಾಡಿದ್ದು ನೀನು. ನಾನು ಮಾಡಿದ್ದು ನನ್ನ ಕೆಲಸ ಉಳೀಲಿ ಅಂತ. ನೋಡದೆ ಹೊರಟೋಳೂ ನಾನೇ." ವಿಶಾಲಮ್ಮ ಬೊಬ್ಬೆಯ ಸುತ್ತ ಮುಲಾಮು ಹಚ್ಚತೊಡಗಿದಳು. "ನಾನು ಏನು ಬರ್ದಿದ್ದೆ ಅಂತ ನಿಂಗೆ ಯಾವಾಗ ಗೊತ್ತಾಯ್ತು ವೆಂಕಮ್ಮ? ಕಾಗದ ಬಂದಾಗಲಾ?"

"ಇಲ್ಲಮ್ಮ, ಮುಂಚೇನೇ. ಹೆಬ್ಬೆಟ್ಟು ಒತ್ತೋವಾಗ ನೀವು ನನ್ನ ಮುಖ ನೋಡ್ಲಿಲ್ಲ."

ವಿಶಾಲಮ್ಮನ ಕೈ ಅಲ್ಲೇ ನಿಂತಿತು.

"ಮತ್ತೆ ಯಾಕೆ ಒತ್ತಿದೆ?"

"ನಿಮ್ಮನ್ನ ಕಳಿಸಿಬಿಟ್ಟಿದ್ರೆ ಆ ಆರು ಊರಿಗೆ ಯಾರು ಬರ್ತಿದ್ರು? ಅದೂ ಅಲ್ದೆ, ನೀವೇ ಒಂದಿನ ಹೇಳ್ತೀರಿ ಅಂದ್ಕೊಂಡಿದ್ದೆ." ವೆಂಕಮ್ಮ ಮೊಣಕೈಯನ್ನು ಊದಿಕೊಂಡಳು. "ಟಾರ್ಚು ತಂದ್ರಲ್ಲ, ಅವತ್ತು ಮಾತ್ರ ಇನ್ನು ಹೇಳೋದಿಲ್ಲ ಅನ್ಸಿತ್ತು."

ಮರುದಿನ ಬೆಳಿಗ್ಗೆ ವಿಶಾಲಮ್ಮ ಮೇಲಿನವರಿಗೆ ಕಾಗದ ಬರೆದಳು. ಎರಡು ವರ್ಷದ ಹಿಂದಿನ ವರದಿ ಸುಳ್ಳು, ಕಾಲು ಗಂಟೆ ನಾನು ನಿದ್ದೆ ಹೋಗಿದ್ದೆ, ಆಯಾಳ ಕೈ ನಡುಗಿರಲಿಲ್ಲ. ಬರೆದದ್ದನ್ನು ವೆಂಕಮ್ಮನಿಗೆ ಅಕ್ಷರ ಅಕ್ಷರ ಓದಿ ಹೇಳಿದಳು.

"ನಿಮ್ಮ ಪೆನ್ಷನ್ನು?" ಎಂದಳು ವೆಂಕಮ್ಮ.

"ಅವರು ಏನು ಮಾಡ್ತಾರೋ ಮಾಡ್ಲಿ. ನಂಗೆ ಸಾಕಾಗಿದೆ."

ಹಾಗೆ ಅಂದಾಗ ಅವಳಿಗೆ ಧೈರ್ಯವೇನೂ ಬಂದಿರಲಿಲ್ಲ. ಮೈಯೆಲ್ಲ ನೋಯುತ್ತಿತ್ತು. ಆದರೆ ಹಿಂದಿನ ದಿನ ಹಾಸಿಗೆಗೆ ಬಿದ್ದವಳು ಬೆಳಗಿನವರೆಗೆ ಒಮ್ಮೆಯೂ ಎಚ್ಚರವಾಗದೆ ಮಲಗಿದ್ದಳು, ಎರಡು ವರ್ಷದಲ್ಲಿ ಮೊದಲ ಸಲ.

ಸಾಕ್ಷಿಗೆಂದು ಕೆಳಗೆ ವೆಂಕಮ್ಮನ ಗುರುತು ಬೇಕಿತ್ತು. ವೆಂಕಮ್ಮ ಶಾಯಿಯ ದಿಂಬಿಗೆ ಹೆಬ್ಬೆಟ್ಟು ಒತ್ತಿ, ಕಾಗದದ ಮೇಲೆ ತಂದು, ತಲೆ ಎತ್ತಿದಳು. ವಿಶಾಲಮ್ಮ ಅವಳ ಮುಖವನ್ನೇ ನೋಡುತ್ತಿದ್ದಳು.

"ಹೀಗೆ ನೋಡ್ಬೇಡಿ ಅಮ್ಮಾ," ಎಂದಳು ವೆಂಕಮ್ಮ, "ಕೈ ನಡುಗ್ತದೆ."